ಬಾಗಿದ ಕತ್ತರಿಗೆ ಕೈಯಿಂದಲೇ ಸಾಣೆ

ಕಸೂತಿ ಹಾಕುವವರ ಪೆಟ್ಟಿಗೆಯಲ್ಲಿ ಮೊನೆ ಬಾಗಿದ ಸಣ್ಣ ಕತ್ತರಿಯೊಂದು ಇದ್ದೇ ಇರುತ್ತದೆ. ಮೊಂಡಾದ ಮೇಲೆ ಅದನ್ನು ಎಸೆದು ಹೊಸದನ್ನು ತರುವುದು ಈಗ ಎಲ್ಲರ ರೂಢಿಯಾಗಿಬಿಟ್ಟಿದೆ. ಮುಂಬಯಿಯ ಮುಲುಂಡಿನ ನಮ್ಮ ಸುತ್ತಮುತ್ತ ಧಾರವಾಡ, ಬೆಳಗಾವಿ, ವಿಜಯಪುರ ಕಡೆಯಿಂದ ಬಂದು ನೆಲೆಸಿ ಕೈಕಸೂತಿಯನ್ನು ಇನ್ನೂ ಬಿಡದ ಹೆಣ್ಣುಮಕ್ಕಳಿದ್ದಾರೆ. ಅವರು ನನ್ನನ್ನು ಕೇಳುವ ಪ್ರಶ್ನೆಗಳಲ್ಲಿ ದಾರದ ಬಣ್ಣದ ಪ್ರಶ್ನೆ ಬಿಟ್ಟರೆ ಹೆಚ್ಚು ಬರುವುದು ಇದೇ: ಬಾಗಿದ ಕತ್ತರಿಗೆ ಸಾಣೆ ಎಲ್ಲಿ ಹಿಡಿಸುತ್ತೀರಿ? ನಾನು ಎಲ್ಲಿಯೂ ಹಿಡಿಸುವುದಿಲ್ಲ, ಮನೆಯಲ್ಲೇ ಕಲ್ಲಿನ ಮೇಲೆ ಮಸೆದುಕೊಳ್ಳುತ್ತೇನೆ. ಅದನ್ನು ಹೇಗೆ ಮಾಡುತ್ತೇನೆ, ಏಕೆ ಹಾಗೆಯೇ ಮಾಡಬೇಕು ಎಂಬುದನ್ನು ಬಿಡಿಸಿ ಹೇಳುವುದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಬಾಗು ಏಕೆ ಬೇಕು ಎಂಬುದನ್ನು ನೋಡೋಣ. ನಮ್ಮ ಕಸೂತಿಯಲ್ಲಿ ಬಟ್ಟೆಯ ಮೇಲೆ ಚಿತ್ರ ಬರೆದುಕೊಳ್ಳುವುದಿಲ್ಲ, ಎಳೆ ಎಣಿಸಿಯೇ ಹೊಲಿಗೆ ಹಾಕುತ್ತೇವೆ. ಗವಂತಿ ಮತ್ತು ಮುರ್ಗಿ ಎಂಬ ಹೊಲಿಗೆಗಳಲ್ಲಿ ಬಟ್ಟೆಯ ಎರಡೂ ಮಗ್ಗುಲು ಒಂದೇ ತೆರನಾಗಿ ಕಾಣಬೇಕಾದ್ದರಿಂದ ಗಂಟು ಹಾಕುವಂತಿಲ್ಲ. ದಾರ ಮುಗಿದಲ್ಲಿ ತುದಿಯನ್ನು ಹಾಕಿದ ಹೊಲಿಗೆಯೊಳಗೇ ಹಿಂದಕ್ಕೆ ನುಸುಳಿಸಿ, ಬಟ್ಟೆಗೆ ಸಮನಾಗಿ ಕತ್ತರಿಸಬೇಕು. ನೇರ ಕತ್ತರಿಯಿಂದ ಇದನ್ನು ಮಾಡಹೊರಟರೆ ಮೊನೆ ಬಟ್ಟೆಯತ್ತ ಇಳಿಯುತ್ತದೆ. ಹೆದರಿ ಕೈ ಎತ್ತಿ ಹಿಡಿದರೆ ದಾರದ ಮೋಟು ಉಳಿಯುತ್ತದೆ, ಧೈರ್ಯ ಮಾಡಿ ತಗ್ಗಿಸಿದರೆ ಇಳಕಲ್ಲ ಸೀರೆಯ ಎಳೆಯೇ ಹರಿಯುತ್ತದೆ. ಬಾಗಿದ ಕತ್ತರಿಯಾದರೆ ಅದರ ಉಬ್ಬಿದ ಹೊಟ್ಟೆ ಬಟ್ಟೆಯ ಮೇಲೆ ಕೂರುತ್ತದೆ, ಮೊನೆ ಮೇಲಕ್ಕೆ ಎದ್ದಿರುತ್ತದೆ, ಬಾಯಿ ಮಾತ್ರ ದಾರದ ಬುಡಕ್ಕೆ ಹೋಗುತ್ತದೆ. ಮಶೀನ್ ಎಂಬ್ರಾಯ್ಡರಿ ಮಾಡುವವರು ಬಳಸುವ ಇನ್ನೊಂದು ಬಗೆಯಲ್ಲಿ ಹಿಡಿಯೂ ಬಾಗಿದ್ದು, ಚೌಕಟ್ಟಿನ ರಿಂಗ್ ಕೈಗೆ ಅಡ್ಡಬಾರದಂತೆ ಇರುತ್ತದೆ. ಪ್ರಿನ್ಸೆಸ್ ಸ್ಟ್ರೀಟಿನ ಸರ್ಜಿಕಲ್ ಸಾಮಾನಿನ ಅಂಗಡಿಗಳಲ್ಲಿ ಸಿಗುವ, ಕಣ್ಣಿನ ಶಸ್ತ್ರಚಿಕಿತ್ಸೆಗಾಗಿ ಹುಟ್ಟಿದ ಐರಿಸ್ ಕತ್ತರಿಯನ್ನೂ ನಮ್ಮಲ್ಲಿ ಕೆಲವರು ಇದೇ ಕೆಲಸಕ್ಕೆ ಇಟ್ಟುಕೊಂಡಿದ್ದಾರೆ. ಮಸೆಯುವ ಕ್ರಮದ ಮಟ್ಟಿಗೆ ಇವೆಲ್ಲವೂ ಒಂದೇ ಕುಲದವು.

ಕತ್ತರಿ ಮೊಂಡಾಗಿದೆ ಎಂಬುದು ದಾರದಿಂದಲೇ ತಿಳಿಯುತ್ತದೆ. ಒಳ್ಳೆಯ ಬಾಯಿ ರೇಷ್ಮೆ ಎಳೆಯನ್ನು ಸದ್ದಿಲ್ಲದೆ ತುಂಡರಿಸುತ್ತದೆ, ಕತ್ತರಿಸಿದ ತುದಿ ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಹದ ತಪ್ಪಿದ ಬಾಯಿಯಲ್ಲಿ ಎಳೆ ಮೊದಲು ಮೊನೆಯತ್ತ ಜಾರುತ್ತದೆ, ಆಮೇಲೆ ಎರಡು ಅಲಗುಗಳ ನಡುವೆ ಮಡಚಿಕೊಂಡು ಸಿಕ್ಕಿಬೀಳುತ್ತದೆ, ಕೊನೆಗೆ ಜಗಿದಂತೆ ಹರಿದು ತುದಿ ಕೆದರಿಕೊಳ್ಳುತ್ತದೆ. ಜಾರುವುದು ಬಾಯಿ ಮೊಂಡಾದುದರ ಲಕ್ಷಣ. ಮಡಚಿಕೊಳ್ಳುವುದು ಎರಡು ಅಲಗುಗಳ ಕೂಟ ಸಡಿಲಾದುದರ ಲಕ್ಷಣ. ಇವೆರಡನ್ನೂ ಬೇರೆಬೇರೆಯಾಗಿ ಗುರುತಿಸುವುದನ್ನು ಕಲಿತರೆ ಅನವಶ್ಯಕವಾಗಿ ಉಕ್ಕನ್ನು ಸವೆಸುವುದು ತಪ್ಪುತ್ತದೆ, ಏಕೆಂದರೆ ಎಷ್ಟೋ ಸಲ ತಿರುಪನ್ನು ಒಂದಿಷ್ಟು ಬಿಗಿ ಮಾಡಿದರೆ ಸಾಕಾಗಿರುತ್ತದೆ.

ಬೀದಿಯಲ್ಲಿ ಸೈಕಲ್ಲಿನ ಮೇಲೆ ಚಕ್ರ ಹೂಡಿಕೊಂಡು, ಪೆಡಲು ತುಳಿದು, ಕಿಡಿ ಹಾರಿಸುತ್ತ ಸಾಣೆ ಹಿಡಿಯುವ ಧಾರ್‌ವಾಲಾ ನಮ್ಮ ಓಣಿಗೂ ಬರುತ್ತಾನೆ. ಅವನ ಕೆಲಸದ ಬಗ್ಗೆ ನನಗೆ ಗೌರವವಿದೆ; ಈಳಿಗೆ, ಅಡುಗೆಮನೆಯ ಚಾಕು, ದರ್ಜಿಗಳ ದೊಡ್ಡ ಕತ್ತರಿ ಅವನ ಕೈಯಲ್ಲಿ ಚೆನ್ನಾಗಿಯೇ ಹರಿತವಾಗುತ್ತವೆ. ಹಳೆಯ ವಾಹನಗಳ ಗುಜರಿ ಉಕ್ಕಿನಿಂದ ತಯಾರಾಗುವ, 2013ರಲ್ಲಿ ಭೌಗೋಳಿಕ ಸೂಚಿಯ ಮಾನ್ಯತೆ ಪಡೆದ ಮೀರತ್ ಕತ್ತರಿಗಳಂಥವು ದಪ್ಪ ಅಲಗಿನವು, ನೇರವಾದವು, ಮತ್ತೆಮತ್ತೆ ಸಾಣೆ ಹಿಡಿಸಿಕೊಂಡು ತಲೆಮಾರುಗಟ್ಟಲೆ ಬಾಳಲೆಂದೇ ಮಾಡಿದವು. ಚಕ್ರದ ರಭಸವನ್ನು ಅವು ತಾಳಿಕೊಳ್ಳುತ್ತವೆ. ಬಾಗಿದ ಸಣ್ಣ ಕತ್ತರಿಯ ಮೊನೆ ಹಾಗಲ್ಲ. ಅಲ್ಲಿ ಉಕ್ಕು ಎಷ್ಟು ತೆಳುವೆಂದರೆ ಹುಟ್ಟಿದ ಶಾಖ ಹರಿದು ಹೋಗಲು ಜಾಗವೇ ಇರುವುದಿಲ್ಲ. ಇಂಗಾಲದ ಉಕ್ಕು ಸುಮಾರು 220 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಒಣಹುಲ್ಲಿನ ಬಣ್ಣಕ್ಕೂ 300ರ ಆಸುಪಾಸಿನಲ್ಲಿ ನೀಲಿಗೂ ತಿರುಗುತ್ತದೆ. ನೀಲಿ ಕಂಡಿತೆಂದರೆ ಆ ಜಾಗದ ಗಡಸುತನ ಇಳಿದಿದೆ ಎಂದು ಅರ್ಥ, ಆಮೇಲೆ ಎಷ್ಟು ಮಸೆದರೂ ಆ ಬಾಯಿ ನಿಲ್ಲುವುದಿಲ್ಲ. ಶಾಖದ ಮಾತು ಹಾಗಿರಲಿ, ತಿರುಗುವ ಚಕ್ರಕ್ಕೆ ಬಾಗಿದ ಅಂಚನ್ನು ಒಂದೇ ಕೋನದಲ್ಲಿ ಒಡ್ಡುತ್ತ ಹೋಗುವುದು ಅತಿ ಕಷ್ಟ. ಬುಡದಲ್ಲಿ ಒಂದು ಇಳಿಜಾರು, ನಡುವೆ ಇನ್ನೊಂದು, ಮೊನೆಯಲ್ಲಿ ಮತ್ತೊಂದು ಆಗಿಬಿಟ್ಟರೆ ಬಾಗಿನ ಗೆರೆಯೇ ಕೆಡುತ್ತದೆ. ಗೆರೆ ಕೆಟ್ಟ ಕತ್ತರಿಯ ಬಾಯಿ ಬೆರಳಿಗೆ ಹರಿತವೆನಿಸಬಹುದು, ದಾರವನ್ನು ಮಾತ್ರ ಕತ್ತರಿಸದು.

ಹೀಗೇಕೆಂದು ತಿಳಿಯಲು ಕತ್ತರಿ ಕೆಲಸ ಮಾಡುವ ಬಗೆಯನ್ನು ನೋಡಬೇಕು. ಚಾಕು ತನ್ನ ಅಂಚಿನ ತೆಳುವಿನಿಂದ ಸೀಳುತ್ತದೆ. ಕತ್ತರಿಯ ಎರಡು ಅಲಗುಗಳು ಒಂದನ್ನೊಂದು ಉಜ್ಜಿಕೊಂಡು ದಾಟುವಾಗ ನಡುವೆ ಸಿಕ್ಕಿದ್ದನ್ನು ಕಡಿಯುತ್ತವೆ. ಆದ್ದರಿಂದ ಕತ್ತರಿಯ ಅಂಚು ಚಾಕುವಿನಷ್ಟು ತೆಳುವಾಗಿರಬೇಕಿಲ್ಲ. ಬಟ್ಟೆಯ ಕತ್ತರಿಗಳಲ್ಲಿ ಅದು ಸಾಮಾನ್ಯವಾಗಿ 60 ಡಿಗ್ರಿ ಸುಮಾರಿನ ಕೋನದಲ್ಲಿರುತ್ತದೆ. ಇರಲೇಬೇಕಾದ್ದು ಎಂದರೆ ಮುಚ್ಚುತ್ತ ಹೋದಂತೆ ಎರಡು ಅಂಚುಗಳೂ ಬುಡದಿಂದ ಮೊನೆಯವರೆಗೆ ಎಲ್ಲಿಯೂ ತಪ್ಪದೆ ಮುಟ್ಟಿಕೊಳ್ಳುತ್ತ ಸಾಗುವುದು. ಒಳ್ಳೆಯ ಕತ್ತರಿಯನ್ನು ಮುಚ್ಚಿ, ಬೆಳಕಿಗೆ ಎದುರಾಗಿ ಹಿಡಿದು, ಅಲಗುಗಳ ನಡುವಿನಿಂದ ನೋಡಿದರೆ ತಿರುಪಿನಾಚೆಯಿಂದ ಮೊನೆಯವರೆಗೆ ಬೆಳಕಿನ ಒಂದು ಸಣ್ಣ ಗೀರು ಕಾಣುತ್ತದೆ. ಅಲಗುಗಳನ್ನು ಬೇಕೆಂದೇ ತುಸು ಬಗ್ಗಿಸಿರುವುದರಿಂದ, ಮುಚ್ಚುವಾಗ ಅವು ಯಾವ ಕ್ಷಣದಲ್ಲೂ ಒಂದೇ ಒಂದು ಬಿಂದುವಿನಲ್ಲಿ ಕೂಡಿರುತ್ತವೆ, ಆ ಬಿಂದು ಬುಡದಿಂದ ಮೊನೆಗೆ ಜರುಗುತ್ತ ಹೋಗುತ್ತದೆ. ಅಲಗಿನ ಒಳಮೈಯೂ ಚಪ್ಪಟೆಯಲ್ಲ. ಅಗಲದಲ್ಲಿ ನಡುವೆ ತಗ್ಗಾಗಿದ್ದು, ಅಂಚಿನುದ್ದಕ್ಕೂ ಕೂದಲೆಳೆಯಷ್ಟು ಅಗಲದ ಒಂದು ಹೊಳೆಯುವ ಪಟ್ಟಿ ಮಾತ್ರ ಎದುರಿನ ಅಲಗನ್ನು ಮುಟ್ಟುತ್ತದೆ. ಭೂತಗನ್ನಡಿ ಹಿಡಿದು ನೋಡಿದರೆ ಈ ಹೊಳಪುಪಟ್ಟಿ ಸ್ಪಷ್ಟವಾಗಿ ಕಾಣುತ್ತದೆ. ಕತ್ತರಿಯ ಆಯುಸ್ಸು ಇರುವುದು ಈ ಪಟ್ಟಿಯಲ್ಲಿ. ಅಗ್ಗದ ಕತ್ತರಿಗಳಲ್ಲಿ ತಗ್ಗು ಇರುವುದೇ ಇಲ್ಲ, ಒಳಮೈ ಪೂರಾ ಚಪ್ಪಟೆ. ಅಂಥವನ್ನು ಮಸೆಯಬಹುದು, ಆದರೆ ಹದ ಬಹಳ ದಿನ ಬಾರದು.

ಬಾಗಿದ ಕತ್ತರಿಯಲ್ಲಿ ಇದರ ಮೇಲೆ ಉದ್ದದ ಬಾಗೂ ಸೇರುತ್ತದೆ. ಕತ್ತರಿಯನ್ನು ಮೇಜಿನ ಮೇಲೆ ಮೊನೆ ಮೇಲೆದ್ದಿರುವಂತೆ ಮಲಗಿಸಿರಿ. ಕೆಳಗಿನ ಅಲಗಿನ ಒಳಮೈ ಆಕಾಶ ನೋಡುತ್ತದೆ, ಉದ್ದದಲ್ಲಿ ಅದು ತಗ್ಗು. ಅದರ ಹೊರಮೈ ಮೇಜನ್ನು ನೋಡುತ್ತದೆ, ಅದು ಉಬ್ಬು. ಮೇಲಿನ ಅಲಗಿನಲ್ಲಿ ಇದು ತಿರುವುಮುರುವು: ಕೆಳಗೆ ನೋಡುವ ಒಳಮೈ ಉಬ್ಬು, ಮೇಲೆ ನೋಡುವ ಹೊರಮೈ ತಗ್ಗು. ಅಂದರೆ ಮಸೆಯಬೇಕಾದ ನಾಲ್ಕು ಮೈಗಳಲ್ಲಿ ಎರಡು ಉಬ್ಬು, ಎರಡು ತಗ್ಗು. ಉಬ್ಬಿದ ಮೈಯನ್ನು ಚಪ್ಪಟೆ ಕಲ್ಲಿನ ಮೇಲೆ ಉರುಳಿಸುತ್ತ ಮಸೆಯಬಹುದು. ತಗ್ಗಿದ ಮೈಯನ್ನು ಚಪ್ಪಟೆ ಕಲ್ಲಿನ ಮೇಲಿಟ್ಟರೆ ಬುಡ ಮತ್ತು ಮೊನೆ ಎರಡೇ ಕಲ್ಲಿಗೆ ತಾಗುತ್ತವೆ, ನಡುವಿನ ಭಾಗ ಗಾಳಿಯಲ್ಲಿ ನಿಲ್ಲುತ್ತದೆ. ಎಷ್ಟು ಉಜ್ಜಿದರೂ ಮೊನೆ ಸವೆದು ಗಿಡ್ಡವಾಗುತ್ತದೆಯೇ ಹೊರತು ನಡುವಿನ ಬಾಯಿಗೆ ಏನೂ ಆಗುವುದಿಲ್ಲ. ಆದ್ದರಿಂದ ಉಬ್ಬಿಗೆ ಅಲಗನ್ನು ಕಲ್ಲಿನ ಬಳಿಗೆ ಒಯ್ಯಬೇಕು, ತಗ್ಗಿಗೆ ಕಲ್ಲನ್ನೇ ಅಲಗಿನ ಬಳಿಗೆ ಒಯ್ಯಬೇಕು. ಬಾಗಿದ ಕತ್ತರಿಯನ್ನು ಮಸೆಯುವ ವಿದ್ಯೆಯೆಲ್ಲ ಈ ಒಂದು ಭೇದವನ್ನು ಹಿಡಿದು ನಡೆಯುತ್ತದೆ.

ಇನ್ನು ಕಲ್ಲುಗಳ ವಿಚಾರ. ಮಸ್ಜಿದ್ ನಿಲ್ದಾಣದಲ್ಲಿ ಇಳಿದು ನಾಗದೇವಿ ಸ್ಟ್ರೀಟಿಗೆ ನಡೆದರೆ ಹತ್ಯಾರುಗಳ ಅಂಗಡಿಗಳ ಸಾಲೇ ಇದೆ. ಅಲ್ಲಿ ಯಾರನ್ನು ಕೇಳಿದರೂ ಒಂದು ಮಗ್ಗುಲು ಒರಟು, ಇನ್ನೊಂದು ಮಗ್ಗುಲು ನಯವಾದ ಕಾರ್ಬೊರಂಡಮ್ ಕಲ್ಲನ್ನು ಕೈಗೆ ಕೊಡುತ್ತಾರೆ. ಕಾರ್ಬೊರಂಡಮ್ ಎಂಬುದು ಸಿಲಿಕಾನ್ ಕಾರ್ಬೈಡ್. ಅಮೆರಿಕದ ಎಡ್ವರ್ಡ್ ಅಚೆಸನ್ 1891ರಲ್ಲಿ ವಿದ್ಯುತ್ ಕುಲುಮೆಯಲ್ಲಿ ಅದನ್ನು ತಯಾರಿಸಿ ಆ ಹೆಸರಿಟ್ಟ. ಬಡಗಿಯ ಉಳಿಗೆ, ಮನೆಯ ಚಾಕುವಿಗೆ ಅದು ಸರಿ. ಆದರೆ ಕಸೂತಿ ಕತ್ತರಿಗೆ ಅದರ ನಯವಾದ ಮಗ್ಗುಲೂ ಒರಟೇ. ನಾನು ಬಳಸುವುದು ನೀರಿನ ಕಲ್ಲುಗಳನ್ನು: 1000, 3000 ಮತ್ತು 6000 ಗ್ರಿಟ್ಟಿನವು. ಗ್ರಿಟ್ಟಿನ ಅಂಕಿ ಏರಿದಂತೆ ಕಣ ಚಿಕ್ಕದಾಗುತ್ತದೆ. ಜಪಾನಿ ಅಳತೆಯ 1000ರ ಕಲ್ಲಿನ ಕಣ ಹೆಚ್ಚುಕಡಿಮೆ 11ರಿಂದ 15 ಮೈಕ್ರಾನಿನದು, 6000ದ್ದು ಸುಮಾರು 2 ಮೈಕ್ರಾನಿನದು (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು). ಇಲ್ಲಿ ಒಂದು ಗೊಂದಲವನ್ನು ಬಿಡಿಸಲೇಬೇಕು. ಅಂಗಡಿಯಲ್ಲಿ ಸಿಗುವ ವಾಟರ್‌ಪ್ರೂಫ್ ಸ್ಯಾಂಡ್‌ಪೇಪರಿನ ಹಿಂದೆ ಪಿ ಅಕ್ಷರದೊಂದಿಗೆ ಅಚ್ಚಾಗಿರುವ ಅಂಕಿ ಯುರೋಪಿನ ಅಳತೆಯದು. ಪಿ 1000ದ ಕಣ 18 ಮೈಕ್ರಾನ್, ಪಿ 2000ದ ಕಣ 10 ಮೈಕ್ರಾನ್ ಚಿಲ್ಲರೆ. ಹಾಗಾಗಿ 1000ದ ಕಲ್ಲಿಗೆ ಸರಿಸಾಟಿಯಾದ ಕಾಗದ ಬೇಕೆಂದರೆ ಪಿ 2000ವನ್ನು ಕೇಳಿ ತರಬೇಕು, ಪಿ 1000ವನ್ನಲ್ಲ.

ನೀರಿನ ಕಲ್ಲನ್ನು ನೆನೆಹಾಕುವ ಬಗೆ ಕಲ್ಲಿನಿಂದ ಕಲ್ಲಿಗೆ ಬೇರೆ. ರಂಧ್ರ ಹೆಚ್ಚಿರುವ 1000ದ ಕಲ್ಲನ್ನು ಗುಳ್ಳೆ ಏಳುವುದು ನಿಲ್ಲುವವರೆಗೆ ನೀರಿನಲ್ಲಿ ಮುಳುಗಿಸಿಡಬೇಕು. ನಯವಾದ ಕಲ್ಲುಗಳಿಗೆ ಬಹುಪಾಲು ಮೇಲೆ ನೀರು ಚಿಮುಕಿಸಿದರೆ ಸಾಕು. ಎಣ್ಣೆ ತಾಗಿಸಿದ ಕಲ್ಲಿಗೆ ನೀರು, ನೀರಿನ ಕಲ್ಲಿಗೆ ಎಣ್ಣೆ ಎರಡೂ ಕೂಡದು. ಮುಖ್ಯವಾಗಿ ಕಲ್ಲು ಚಪ್ಪಟೆಯಾಗಿರಬೇಕು. ಸಣ್ಣ ಅಲಗು ಕಲ್ಲಿನ ಒಂದೇ ಜಾಗದಲ್ಲಿ ಓಡಾಡಿ ಬೇಗ ಗುಳಿ ಮಾಡುತ್ತದೆ, ಗುಳಿಬಿದ್ದ ಕಲ್ಲು ಒಳಮೈಯ ಹೊಳಪುಪಟ್ಟಿಯನ್ನು ದುಂಡಗೆ ಮಾಡಿ ಕೆಡಿಸುತ್ತದೆ. ದಪ್ಪ ಗಾಜಿನ ಹಲಗೆಯ ಮೇಲೆ 220ರ ವಾಟರ್‌ಪ್ರೂಫ್ ಕಾಗದ ಹಾಸಿ, ಕಲ್ಲಿನ ಮೇಲೆ ಪೆನ್ಸಿಲಿನಿಂದ ಚೌಕುಳಿ ಗೆರೆ ಎಳೆದು, ಗೆರೆಗಳೆಲ್ಲ ಒಟ್ಟಿಗೆ ಅಳಿಯುವವರೆಗೆ ಉಜ್ಜಿದರೆ ಕಲ್ಲು ಮತ್ತೆ ಸಮವಾಗುತ್ತದೆ.

ತಗ್ಗಿದ ಮೈಗಳಿಗೆ ದುಂಡಂಚಿನ ಕಲ್ಲು ಬೇಕು. ಅಮೆರಿಕದ ಅರ್ಕನ್ಸಾ ಕಲ್ಲಿನಲ್ಲಿ ಇಂಥ ಆಕಾರದವು ತಯಾರಾಗಿಯೇ ಬರುತ್ತವೆ. ನೊವಾಕ್ಯುಲೈಟ್ ಎಂಬ ಆ ಶಿಲೆ ಗಟ್ಟಿ, ಬೇಗ ಸವೆಯದು, ಆದರೆ ಬೆಲೆ ಹೆಚ್ಚು. ನನ್ನದು ಬಳಸಿ ಬಳಸಿ ಒಡೆದ ನೀರಿನ ಕಲ್ಲಿನ ಚೂರು. ಅದರ ಒಂದು ಅಂಚನ್ನು ಅದೇ 220ರ ಕಾಗದದ ಮೇಲೆ ಉರುಳಿಸಿ ಉರುಳಿಸಿ ದುಂಡಗೆ ಮಾಡಿಕೊಂಡಿದ್ದೇನೆ. ಅದೂ ಇಲ್ಲದವರು ನುಣುಪಾದ ದುಂಡು ಸರಳಿಗೆ ಪಿ 2000ದ ಕಾಗದವನ್ನು ಒಂದೇ ಸುತ್ತು ಬಿಗಿಯಾಗಿ ಸುತ್ತಿಕೊಂಡರೆ ಕೆಲಸ ನಡೆಯುತ್ತದೆ. ದುಂಡಿನ ಬಾಗು ಕತ್ತರಿಯ ಬಾಗಿಗಿಂತ ಬಿಗಿಯಾಗಿರಬೇಕು, ಎಂದರೆ ಸರಳು ಕತ್ತರಿಯ ತಗ್ಗಿನಲ್ಲಿ ಎಲ್ಲಿ ಇಟ್ಟರೂ ಅಲ್ಲಾಡಿಸಲು ಎಡೆಯಿರಬೇಕು. ಅಂಟಿಸಿದ ಕಾಗದದ ಜೋಡು ಅಂಚಿಗೆ ತಾಗದಂತೆ ಹಿಂದಕ್ಕೆ ತಿರುಗಿಸಿಕೊಳ್ಳಿರಿ.

ನಮ್ಮ ಸ್ಟೇಷನ್ ಬಳಿ ವಿಜಯಪುರ ಕಡೆಯ ಹಿರಿಯ ದರ್ಜಿಯೊಬ್ಬರಿದ್ದಾರೆ. ತಮ್ಮ ಕತ್ತರಿಗಳನ್ನು ಅವರು ಯಾರ ಕೈಗೂ ಕೊಡುವುದಿಲ್ಲ, ಅಂಗಡಿಯ ಮೆಟ್ಟಿಲ ಮೇಲೆ ಕುಳಿತು ತಾವೇ ಮಸೆಯುತ್ತಾರೆ. ಒತ್ತಡದ ವಿಷಯದಲ್ಲಿ ನನಗೆ ದೊರೆತ ಪಾಠ ಅವರದೇ.

“ತಂಗಿ, ಹೊರಗ ಎಷ್ಟರ ತಿಕ್ಕು, ಒಳಗ ಮಾತ್ರ ಕೈ ಹಗುರ ಇಟ್ಕೋ. ಒಳಮೈ ಹ್ವಾದ್ರ ಕತ್ತರಿನ ಹ್ವಾತು” ಎಂದರು.

“ಹಗುರ ಅಂದ್ರ ಎಷ್ಟು ಹಗುರ, ಕಾಕಾ?”

“ಕಲ್ಲಿನ ಮ್ಯಾಲ ನೀರು ನಿಂತಿರ್ತದಲ್ಲ, ನಿನ್ನ ಅಲಗು ಅದನ್ನ ಸರಿಸಬೇಕು, ಕಲ್ಲು ಕೆರೀಬಾರದು. ಸಪ್ಪಳ ಕೇಳಿಸ್ತಂದ್ರ ಭಾರ ಆತು.”

ಅವರು ಸಪ್ಪಳವನ್ನು ಅಳತೆಗೋಲಾಗಿ ಕೊಟ್ಟದ್ದು ಬಹಳ ಉಪಯೋಗದ ಮಾತು. ಕಣ್ಣು ಅಂಚಿನ ಮೇಲಿರುವಾಗ ಒತ್ತಡವನ್ನು ನೋಡಲಾಗದು, ಕೇಳಲು ಮಾತ್ರ ಸಾಧ್ಯ. ಹೊರಮೈಯಲ್ಲಿ 1000ದ ಕಲ್ಲು ಸಣ್ಣಗೆ ಸರಸರ ಎನ್ನುತ್ತದೆ, ಎನ್ನಲಿ. ಒಳಮೈಯಲ್ಲಿ ಆ ಸದ್ದು ಬರಲೇಬಾರದು.

ಕೆಲಸ ಹೊರಮೈಯಿಂದ ಆರಂಭ. ತಿರುಪು ಬಿಚ್ಚಲು ಬರುವ ಕತ್ತರಿಯಾದರೆ ಮೊದಲು ತಿರುಪಿನ ತಲೆ ಇದ್ದ ಸ್ಥಾನಕ್ಕೆ ಒಂದು ಗುರುತು ಹಾಕಿ, ಆಮೇಲೆ ಬಿಚ್ಚಿ, ನಡುವೆ ವಾಷರ್ ಇದ್ದರೆ ಅದನ್ನು ತಿರುಪಿನೊಂದಿಗೇ ಎತ್ತಿಡಿರಿ. ರಿವೆಟ್ ಬಡಿದ ಕತ್ತರಿಯನ್ನು ಬಿಚ್ಚುವ ಗೋಜಿಗೆ ಹೋಗಬಾರದು, ಪೂರಾ ಅಗಲಿಸಿ ಹಿಡಿದು ಮಸೆದರಾಯಿತು. ಮೊನೆಗೆ ಹತ್ತಿದ ದಾರದ ಜುಂಗು, ಅಂಟುಗಳನ್ನು ಒರೆಸಿ, ಅಂಚಿನ ಇಳಿಜಾರಿಗೆ ಬುಡದಿಂದ ಮೊನೆಯವರೆಗೆ ಮಾರ್ಕರ್ ಪೆನ್ನಿನಿಂದ ಕಪ್ಪು ಬಳಿಯಬೇಕು. ಕೋನವನ್ನು ಅಳೆಯುವ ಸಾಧನಗಳನ್ನು ನಾನು ನೆಚ್ಚುವುದಿಲ್ಲ, ಕತ್ತರಿ ಮಾಡಿದವನು ಇಟ್ಟ ಕೋನವನ್ನೇ ಹಿಡಿದು ಹೋಗುವುದು ಲೇಸು. ಎರಡು ಸಲ ಎಳೆದು ನೋಡಿದರೆ ಕಪ್ಪು ಎಲ್ಲಿ ಅಳಿಯಿತು ಎಂಬುದೇ ಕೋನ ಸರಿಯೋ ತಪ್ಪೋ ಎಂದು ಹೇಳುತ್ತದೆ. ಬೆನ್ನಿನ ಕಡೆ ಮಾತ್ರ ಅಳಿದರೆ ಬೆನ್ನನ್ನು ಎತ್ತಬೇಕು, ಅಂಚಿನ ತುದಿಯಲ್ಲಿ ಮಾತ್ರ ಅಳಿದರೆ ಇಳಿಸಬೇಕು, ಇಳಿಜಾರಿನ ಅಗಲವೆಲ್ಲ ಒಟ್ಟಿಗೆ ಬಿಳುಪಾದರೆ ಆ ಕೋನವನ್ನು ಮಣಿಕಟ್ಟಿಗೆ ಕಲಿಸಬೇಕು.

ಕೆಳ ಅಲಗಿನ ಉಬ್ಬಿದ ಹೊರಮೈಯನ್ನು 1000ದ ಕಲ್ಲಿನ ಮೇಲೆ ಬುಡ ತಾಗುವಂತೆ ಇಟ್ಟು, ಬೆನ್ನು ಮುಂದೆ, ಬಾಯಿ ಹಿಂದೆ ಇರುವಂತೆ ಎಳೆಯುತ್ತ, ಎಳೆದಂತೆ ಮಣಿಕಟ್ಟನ್ನು ಹೊರಳಿಸಿ ತಾಗುವ ಬಿಂದುವನ್ನು ಮೊನೆಯವರೆಗೆ ಜರುಗಿಸಬೇಕು. ಬಾಯಿ ಮುಂದಾಗಿ ದೂಡಿದರೆ ಮೃದುವಾದ ನೀರಿನ ಕಲ್ಲಿನೊಳಕ್ಕೆ ಮೊನೆ ಕಚ್ಚಿಕೊಳ್ಳುತ್ತದೆ. ಹೊರಳು ಒಂದೇ ವೇಗದಲ್ಲಿರಬೇಕು. ಎಲ್ಲಾದರೂ ತಡೆದು ನಿಂತರೆ ಅಲ್ಲೊಂದು ಚಪ್ಪಟೆ ಬೀಳುತ್ತದೆ, ಚಪ್ಪಟೆ ಬಿದ್ದಲ್ಲಿ ದಾರ ಮಡಚಿಕೊಳ್ಳುತ್ತದೆ. ಮೊನೆ ದಾಟಿ ಕಲ್ಲಿನಿಂದ ಜಾರಿ ಬೀಳುವವರೆಗೆ ಎಳೆಯದೆ, ಮೊನೆ ತಾಗಿದ ಕ್ಷಣದಲ್ಲಿ ಕೈಯನ್ನು ಎತ್ತಿಬಿಡಬೇಕು, ಇಲ್ಲವಾದರೆ ಮೊನೆ ದುಂಡಾಗುತ್ತದೆ. ಮೇಲಿನ ಅಲಗಿನ ತಗ್ಗಿದ ಹೊರಮೈಗೆ ಕತ್ತರಿಯನ್ನು ಮೇಜಿನ ಅಂಚಿಗೆ ಒತ್ತಿ, ಬಟ್ಟೆ ಸುತ್ತಿದ ಹಿಡಿಯನ್ನು ಎಡಗೈಯಲ್ಲಿ ಅಲುಗದಂತೆ ಹಿಡಿದು, ದುಂಡಂಚಿನ ಕಲ್ಲನ್ನು ಇಳಿಜಾರಿನ ಕೋನದಲ್ಲೇ ಅಂಚಿಗೆ ಅಡ್ಡವಾಗಿಟ್ಟು ಬುಡದಿಂದ ಮೊನೆಗೆ ಸಾಗಿಸಬೇಕು. ಇಲ್ಲಿ ಚಲಿಸುವುದು ಕಲ್ಲು, ಅಲಗು ಅಲ್ಲ. ನನ್ನ ಅನುಭವದಲ್ಲಿ ನಾಲ್ಕು ಮೈಗಳಲ್ಲಿ ಹೆಚ್ಚು ಸಾವಧಾನ ಬೇಡುವುದು ಇದೇ, ಏಕೆಂದರೆ ಕಲ್ಲು ತುಸು ವಾಲಿದರೂ ಕೋನ ಬದಲಾಗುತ್ತದೆ. ಇದಕ್ಕಾಗಿ ಮಾರ್ಕರನ್ನು ಮತ್ತೆ ಮತ್ತೆ ಬಳಿದು ನೋಡಲು ಬೇಸರಪಡಬಾರದು.

ಹೊರಮೈ ಸರಿಯಾಗಿ ಸವೆದಿದೆ ಎನ್ನುವುದಕ್ಕೆ ಸಾಕ್ಷಿ ಒಳಮೈಯ ಅಂಚಿನಲ್ಲಿ ಏಳುವ ಸಣ್ಣ ಸಿಬಿರು. ಅದು ಕಣ್ಣಿಗೆ ಕಾಣುವುದು ಕಷ್ಟ. ಒಳಮೈಯ ನಡುವಿನಿಂದ ಹತ್ತಿಯ ಎಳೆಯೊಂದನ್ನು ಅಂಚಿನಾಚೆಗೆ ಮೆಲ್ಲಗೆ ಎಳೆದರೆ ಸಿಬಿರು ಇದ್ದಲ್ಲಿ ಹತ್ತಿ ಹಿಡಿದುಕೊಳ್ಳುತ್ತದೆ. ಬುಡದಿಂದ ಮೊನೆಯವರೆಗೆ ಎಡೆಬಿಡದೆ ಹಿಡಿದುಕೊಂಡರೆ 1000ದ ಕೆಲಸ ಮುಗಿಯಿತು. ಒಂದು ಕಡೆ ಹಿಡಿದು ಒಂದು ಕಡೆ ಜಾರಿದರೆ ಜಾರಿದಲ್ಲಿ ಇನ್ನೂ ಮಸೆಯಬೇಕು. ಇದಾದ ಮೇಲೆ 3000ದಲ್ಲಿ ಹಗುರವಾಗಿ ಅದೇ ದಾರಿ. ಹೊರಮೈಯನ್ನು ನಾನು ಇದಕ್ಕಿಂತ ನಯ ಮಾಡುವುದಿಲ್ಲ. ಕನ್ನಡಿಯಂತೆ ಹೊಳೆಯುವ ಇಳಿಜಾರನ್ನು ಕಂಡು ಹಿಗ್ಗುವವರಿದ್ದಾರೆ, ಆದರೆ ಇಳಿಜಾರಿನಲ್ಲಿ ಅಡ್ಡಡ್ಡ ಉಳಿದ ಸೂಕ್ಷ್ಮ ಗೀರುಗಳೇ ನುಣುಪಾದ ರೇಷ್ಮೆ ದಾರವನ್ನು ಮೊನೆಯತ್ತ ಜಾರದಂತೆ ಹಿಡಿದು ನಿಲ್ಲಿಸುತ್ತವೆ.

ಸಿಬಿರು ಇರುವಾಗ ಕತ್ತರಿಯನ್ನು ಮುಚ್ಚಬಾರದು. ಮುಚ್ಚಿದರೆ ಸಿಬಿರು ತಾನಾಗಿ ಉದುರಿಹೋಗುತ್ತದೆ ಎಂದು ಮುಚ್ಚಿ ತೆರೆದು ಮಾಡುವವರಿದ್ದಾರೆ. ದೊಡ್ಡ ಕತ್ತರಿಯಲ್ಲಿ ಅದು ನಡೆದೀತು, ತೆಳುವಾದ ಅಂಚಿನ ಈ ಕತ್ತರಿಯಲ್ಲಿ ಆ ಸಿಬಿರು ಎದುರಿನ ಹೊಸ ಬಾಯಿಯನ್ನೇ ಗೀರುತ್ತದೆ. ಅದನ್ನು ಒಳಮೈಯಿಂದಲೇ ತೆಗೆಯಬೇಕು, 6000ದ ಕಲ್ಲಿನಿಂದ ಮಾತ್ರ ತೆಗೆಯಬೇಕು. ಮೇಲಿನ ಅಲಗಿನ ಉಬ್ಬಿದ ಒಳಮೈಯನ್ನು ಕಲ್ಲಿನ ಮೇಲೆ ಪೂರ್ತಿ ಮಲಗಿಸಿ, ಅಂಚು ಮತ್ತು ಬೆನ್ನು ಎರಡೂ ಕಲ್ಲಿಗೆ ತಾಗಿರುವಂತೆ ನೋಡಿಕೊಂಡು, ಬುಡದಿಂದ ಮೊನೆಗೆ ಉರುಳಿಸುತ್ತ ಎಳೆಯಬೇಕು. ಕೆಳಗಿನ ಅಲಗಿನ ತಗ್ಗಿದ ಒಳಮೈಗೆ ದುಂಡಂಚಿನ ಕಲ್ಲನ್ನು ಅಲಗಿಗೆ ಅಡ್ಡವಾಗಿ, ಒಂದು ಕಡೆ ಹೊಳಪುಪಟ್ಟಿಯ ಮೇಲೆ, ಇನ್ನೊಂದು ಕಡೆ ಬೆನ್ನಿನ ಮೇಲೆ ಕೂರುವಂತೆ ಇಟ್ಟು ಉದ್ದಕ್ಕೆ ಸಾಗಿಸಬೇಕು. ಬೆನ್ನಿನ ಆಸರೆ ತಪ್ಪಿ ಕಲ್ಲು ಅಂಚಿನ ಮೇಲಷ್ಟೇ ವಾಲಿತೆಂದರೆ ಒಳಗಡೆಯೂ ಒಂದು ಇಳಿಜಾರು ಹುಟ್ಟುತ್ತದೆ. ಒಳಗೆ ಇಳಿಜಾರು ಹುಟ್ಟಿದ ಕತ್ತರಿಯ ಅಂಚುಗಳು ಒಂದನ್ನೊಂದು ಮುಟ್ಟಲಾರವು, ಆ ದೋಷವನ್ನು ನಿವಾರಿಸಲು ಒಳಮೈಯನ್ನೆಲ್ಲ ಇಳಿಸಬೇಕಾಗುತ್ತದೆ. ಮೂರ್ನಾಲ್ಕು ಎಳೆತಕ್ಕೆ ಒಮ್ಮೆ ಹತ್ತಿಯ ಎಳೆಯಿಂದ ಪರೀಕ್ಷಿಸಿ, ಹತ್ತಿ ಎಲ್ಲಿಯೂ ಹಿಡಿಯದಾದ ಕೂಡಲೇ ನಿಲ್ಲಿಸಬೇಕು. ಹೊಳಪುಪಟ್ಟಿಯನ್ನು ಅಗಲ ಮಾಡುವುದು ನಮ್ಮ ಉದ್ದೇಶವಲ್ಲ. ಅದು ಅಗಲವಾದಷ್ಟೂ ಅಲಗುಗಳ ನಡುವೆ ಉಜ್ಜಾಟ ಹೆಚ್ಚಿ ಕತ್ತರಿ ಕೈಗೆ ಭಾರವಾಗುತ್ತದೆ.

ತಿರುಪನ್ನು ಹಾಕಿದ ಮೇಲೆ ಬಿಗಿಯ ಪರೀಕ್ಷೆ. ಒಂದು ಉಂಗುರವನ್ನು ಹಿಡಿದು, ಇನ್ನೊಂದು ಅಲಗನ್ನು ಅದಕ್ಕೆ ಲಂಬವಾಗುವಂತೆ ತೆರೆದು ಬಿಟ್ಟುಬಿಡಿರಿ. ಅದು ತಾನಾಗಿ ಇಳಿದು ನಡುದಾರಿಯಲ್ಲಿ ಎಲ್ಲೋ ನಿಲ್ಲಬೇಕು. ದಡಕ್ಕನೆ ಪೂರಾ ಮುಚ್ಚಿದರೆ ಸಡಿಲು, ಅಲ್ಲಾಡದೆ ನಿಂತರೆ ಬಿಗಿ. ಹಗುರವಾದ ತೀರ ಸಣ್ಣ ಕತ್ತರಿಗಳು ತಮ್ಮ ಭಾರಕ್ಕೆ ತಾವೇ ಇಳಿಯವು. ಅವುಗಳಲ್ಲಿ ಬೆರಳಿಗೆ ಬುಡದಿಂದ ಮೊನೆಯವರೆಗೆ ಒಂದೇ ಸಮನಾದ ತಡೆ ಸಿಗುತ್ತದೆಯೇ ಎಂದು ನೋಡಬೇಕು. ನಡುವೆ ಎಲ್ಲಾದರೂ ಕಟ್ಟೆಂದರೆ ಅಲ್ಲಿ ಸಿಬಿರು ಉಳಿದಿದೆ ಎಂದು ತಿಳಿದು ಮತ್ತೆ 6000ದ ಕಲ್ಲಿಗೆ ಹೋಗಬೇಕು.

ಬಾಯಿಯ ಪರೀಕ್ಷೆಗೆ ಒದ್ದೆ ಟಿಶ್ಯೂ ಕಾಗದದ ಒಂದೇ ಪದರಕ್ಕಿಂತ ಕಠಿಣವಾದದ್ದು ಇನ್ನೊಂದಿಲ್ಲ. ಒಣ ಕಾಗದವನ್ನು ಮೊಂಡು ಕತ್ತರಿಯೂ ಕತ್ತರಿಸೀತು, ಆದರೆ ಒದ್ದೆ ಟಿಶ್ಯೂ ಸ್ವಲ್ಪ ಎಳೆದರೂ ಹರಿಯುತ್ತದೆ ಅಥವಾ ಅಲಗಿನೊಂದಿಗೆ ಮಡಚಿಕೊಂಡು ಬರುತ್ತದೆ. ಬುಡದಲ್ಲಿ, ನಡುವಿನಲ್ಲಿ, ಮೊನೆಯಲ್ಲಿ ಬೇರೆ ಬೇರೆಯಾಗಿ ಕತ್ತರಿಸಿ ನೋಡಬೇಕು. ಮೊನೆಯ ಕೊನೆಯ ಎರಡು ಮಿಲಿಮೀಟರ್ ಕತ್ತರಿಸದಿದ್ದರೆ ಉಳಿದದ್ದು ಎಷ್ಟು ಚೆನ್ನಾಗಿದ್ದರೂ ಕಸೂತಿಗೆ ಆ ಕತ್ತರಿ ಒದಗದು. ಆಮೇಲೆ ಕಸೂತಿಯ ರೇಷ್ಮೆ ದಾರದ ಬಿಡಿಯಾದ ಒಂದು ಎಳೆಯನ್ನು ಬೆರಳಿಗೆ ಬಿಗಿಯದೆ ಸಡಿಲಾಗಿ ಇಳಿಬಿಟ್ಟು, ಮೊನೆಯಿಂದ ಕತ್ತರಿಸುತ್ತೇನೆ. ಇಳಿಬಿದ್ದ ಎಳೆ ಅಲುಗದೆ ತುಂಡಾದರೆ ಕತ್ತರಿಯನ್ನು ಪೆಟ್ಟಿಗೆಗೆ ಹಾಕಬಹುದು.

ಮಸೆದ ಹದ ಎಷ್ಟು ದಿನ ನಿಲ್ಲುತ್ತದೆ ಎಂಬುದು ಉಕ್ಕಿನ ಮೇಲಿದೆ. ಸರ್ಜಿಕಲ್ ಕತ್ತರಿಗಳಲ್ಲಿ ಸಾಮಾನ್ಯವಾದ 420 ಜಾತಿಯ ಸ್ಟೇನ್‌ಲೆಸ್ ಉಕ್ಕಿನಲ್ಲಿ ಕ್ರೋಮಿಯಂ ನೂರಕ್ಕೆ 12ರಿಂದ 14 ಪಾಲು, ಇಂಗಾಲ ಕಡಿಮೆ. ಅದು ತುಕ್ಕಿಗೆ ಸುಲಭವಾಗಿ ಸೋಲುವುದಿಲ್ಲ, ಕಲ್ಲಿನ ಮೇಲೆ ಬೇಗ ಹದಕ್ಕೆ ಬರುತ್ತದೆ, ಅಷ್ಟೇ ಬೇಗ ಮೊಂಡಾಗುತ್ತದೆ. 440ಸಿ ಉಕ್ಕಿನಲ್ಲಿ ಇಂಗಾಲವೇ ನೂರಕ್ಕೆ ಸುಮಾರು 1 ಪಾಲು ಇರುವುದರಿಂದ ಮಸೆಯಲು ಹೊತ್ತು ಬೇಕು, ಆದರೆ ಬಾಯಿ ಬಹಳ ಕಾಲ ಬಾಳುತ್ತದೆ. ಮುಂಬಯಿಯ ಮಳೆಗಾಲದಲ್ಲಿ ಮಾತ್ರ ಯಾವ ಉಕ್ಕನ್ನೂ ನಂಬುವಂತಿಲ್ಲ. ಜುಲೈ, ಆಗಸ್ಟಿನಲ್ಲಿ ಗಾಳಿಯೇ ಒದ್ದೆಯಾಗಿರುವಾಗ, ನೀರಿನ ಕಲ್ಲಿನಿಂದ ಎದ್ದ ಕತ್ತರಿಯ ತಿರುಪಿನ ಸಂದಿಯಲ್ಲಿ ಉಳಿದ ಒಂದು ಹನಿ ರಾತ್ರಿ ಕಳೆಯುವುದರೊಳಗೆ ಕೆಂಪು ಕಲೆ ಮಾಡುತ್ತದೆ. ಮಸೆದ ಕೂಡಲೇ ಮೆತ್ತನೆಯ ಹತ್ತಿ ಬಟ್ಟೆಯಿಂದ ಒರೆಸಿ, ತಿರುಪಿಗೆ ಹೊಲಿಗೆ ಮಶೀನಿನ ಎಣ್ಣೆ ಒಂದು ಹನಿ ಬಿಟ್ಟು, ಹತ್ತಾರು ಸಲ ತೆರೆದು ಮುಚ್ಚಿ, ಹೊರಬಂದ ಎಣ್ಣೆಯನ್ನು ಪೂರಾ ಒರೆಸಬೇಕು. ಬಿಟ್ಟರೆ ಅದು ಸೀರೆಗೆ ಹತ್ತುತ್ತದೆ. ಅಡುಗೆಯ ಎಣ್ಣೆ ಬೇಡ, ಅದು ಕ್ರಮೇಣ ಅಂಟಾಗಿ ಧೂಳು ಹಿಡಿಯುತ್ತದೆ. ಚರ್ಮದ ಒರೆಯೂ ಮಳೆಗಾಲದಲ್ಲಿ ತೇವ ಹೀರುತ್ತದಾದ್ದರಿಂದ, ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡುವುದು ಕ್ಷೇಮ.

ಕೆಲವು ಕತ್ತರಿಗಳನ್ನು ಮನೆಯಲ್ಲಿ ಮಸೆಯಬಾರದು. ಒಂದು ಅಲಗಿನ ಬಾಯಿಯಲ್ಲಿ ಗರಗಸದಂಥ ಸೂಕ್ಷ್ಮ ಹಲ್ಲುಗಳಿದ್ದರೆ, ಜಾರುವ ಬಟ್ಟೆಯನ್ನು ಹಿಡಿಯಲೆಂದೇ ಮಾಡಿದ ಆ ಹಲ್ಲುಗಳು ಕಲ್ಲಿಗೆ ಸಿಕ್ಕರೆ ಅಳಿದುಹೋಗುತ್ತವೆ; ಹಲ್ಲಿಲ್ಲದ ಅಲಗನ್ನಷ್ಟೇ ಮಸೆದುಕೊಳ್ಳಬಹುದು. ಬಂಗಾರದ ಬಣ್ಣದ ಟೈಟಾನಿಯಂ ಲೇಪ ಇರುವವನ್ನು ಮಾತ್ರ ಮಸೆಯಬಹುದು; ಲೇಪ ಅಂಚಿನಲ್ಲಿ ಹೋಗುತ್ತದೆ, ಆದರೆ ಅದರಿಂದ ಕೆಲಸಕ್ಕೆ ತೊಂದರೆಯಿಲ್ಲ. ನೆಲಕ್ಕೆ ಬಿದ್ದು ಮೊನೆಗಳು ಒಂದರ ಮೇಲೊಂದು ಏರಿಕೊಂಡ ಕತ್ತರಿಯದು ಬಾಯಿಯ ದೋಷವಲ್ಲ, ಅಲಗಿನ ಬಾಗಿನ ದೋಷ; ಅದನ್ನು ಬಗ್ಗಿಸಿ ಸರಿಪಡಿಸಬಲ್ಲ ಕೈ ಬೇಕು, ಕಲ್ಲಿನಿಂದ ಆಗದು. ಅಂಚಿನಲ್ಲಿ ಉಗುರಿಗೆ ಸಿಗುವಷ್ಟು ದೊಡ್ಡ ಕಚ್ಚು ಬಿದ್ದಿದ್ದರೆ, ಆ ಕಚ್ಚಿನ ಆಳದವರೆಗೆ ಎರಡೂ ಅಲಗುಗಳ ಉದ್ದಕ್ಕೂ ಉಕ್ಕನ್ನು ಇಳಿಸಬೇಕಾಗುವುದರಿಂದ ನಾನು ಅಂಥವನ್ನು ದಾರದ ಕೆಲಸದಿಂದ ಬಿಡಿಸಿ, ಕಾಗದ ಕತ್ತರಿಸಲು ಇಟ್ಟುಕೊಳ್ಳುತ್ತೇನೆ. ಉಳಿದವುಗಳಿಗೆ, ದಿನವೂ ಕಸೂತಿ ಹಾಕುವ ಕೈಯಾದರೆ, 1000ದ ಕಲ್ಲು ವರ್ಷಕ್ಕೊಮ್ಮೆ ಸಾಕು. ನಡುವೆ ದಾರ ಜಾರಲು ಆರಂಭಿಸಿದಾಗಲೆಲ್ಲ ಹೊರಮೈಗೆ 3000, ಒಳಮೈಗೆ 6000 ತಾಗಿಸಿದರೆ ಬಾಯಿ ಮರಳಿ ಬರುತ್ತದೆ.